ಬೆಟ್ಟದ ಮೇಲಣ ಆಶ್ರಯ

ಪಾಠಭಾಗ: 1 ಅರಸುಗಳು 2:28–34, ಯೆಹೋಶುವ 20:1–6



ಯೋವಾಬನು ಯೆಹೋವನ ಗುಡಾರಕ್ಕೆ ಓಡಿ ಯಜ್ಞವೇದಿಯ ಕೊಂಬುಗಳನ್ನು ಹಿಡಿದುಕೊಂಡರೂ ಅಲ್ಲಿಯೇ ಹತನಾದನೆಂದು ಓದುತ್ತೇವೆ. ಅವನು ರಕ್ತಾಪರಾಧಿಯಾಗಿದ್ದದರಿಂದ ಇದು ನಮಗೆ ಸೋಜಿಗವೆನಿಸುವದಿಲ್ಲ. ಆದರೆ ಯಾವ ಅಪರಾಧವನ್ನೂ ಮಾಡದ ಒಕ್ಕಲಿಗರೂ ಕೂಸುಗಳೂ ದೇವರ ಆಲಯದ ಮರೆಹೊಕ್ಕು ಅಲ್ಲಿಯೇ ಸತ್ತರೆ ಏನನ್ನೋಣ? ಇಂಥ ಸಂಗತಿಯು 1944ರಲ್ಲಿ ಇಟಲಿ ದೇಶದಲ್ಲಿ ನಡೆಯಿತು. ನಮ್ಮ ಕಬ್ಬೂರ, ಚಿಕ್ಕೋಡಿ ಸೀಮೆಯವರಿಗೆ ಅದು ತೀರ ಹೊರಗಿನ ಮಾತಲ್ಲ. ಬೆಳಗಾವಿಯಲ್ಲಿ ಕೇಂದ್ರವುಳ್ಳ ಮರಾಠಾ ಪದಾತಿದಳದವರು ಆ ದೇಶದಲ್ಲಿ ಕಾದಾಡಿದರು; ಅವರಲ್ಲಿ ಯಶವಂತ ಘಾಡ್ಗೆಯೂ ನಾಮದೇವ ಜಾಧವನೂ ವಿಕ್ಟೋರಿಯಾ ಕ್ರಾಸ್ ಹೊಂದಿದರು.

ನಮ್ಮ ಕಡೆಯಲ್ಲಿ ಮಠವೆಂದರೆ ಸ್ವಾಮಿಗಳಿರುವ, ಬಂದವರಿಗೆ ಪ್ರಸಾದ ಸಿಕ್ಕುವ ಸ್ಥಳ. ರೋಮಾಯ ಸಭೆಯವರಿಗೂ ಮಠಗಳುಂಟು. ಬೆನೆದಿಕ್ತನೆಂಬವನು ಸುಮಾರು 529ರಲ್ಲಿ ಮೊಂತೆ ಕಸ್ಸಿನೊ ಬೆಟ್ಟದ ಮೇಲೆ ಅಂಥದೊಂದನ್ನು ಸ್ಥಾಪಿಸಿದನು. ಅದು ಲೊಂಬಾರ್ದರಿಂದಲೂ, 883ರಲ್ಲಿ ಸಾರಸೇನರಿಂದಲೂ, 1349ರಲ್ಲಿ ಭೂಕಂಪದಿಂದಲೂ ಹಾಳಾಗಿ ಮೂರು ಸಾರಿ ತಿರಿಗಿ ಕಟ್ಟಲ್ಪಟ್ಟಿತು. ಸಂನ್ಯಾಸವ್ರತದ ವಿಷಯದಲ್ಲಿ ನಮ್ಮ ಉಪದೇಶವು ಬೇರೆ. ಲೂಥರನು ತಾನೇ ಸಂನ್ಯಾಸಿಯಾಗಿದ್ದು ಅದನ್ನು ಬಿಟ್ಟವನಷ್ಟೆ. ಆದರೂ ಪರರ ಮನೆಯಲ್ಲಿ ಕಂಡ ಒಳ್ಳೇದನ್ನು ಹೇಳಲಿಕ್ಕೆ ನಾವು ನಾಚುವದಿಲ್ಲ.

1944ರ ಆರಂಭದಲ್ಲಿ ಯುದ್ಧವು ಆ ಬೆಟ್ಟದ ಬುಡಕ್ಕೆ ಬಂದಿತು. ಸುತ್ತಣ ಇಳಿಜಾರುಗಳಲ್ಲಿ ಜರ್ಮನರು, ಕೆಳಗಿನ ಕಣಿವೆಯಲ್ಲಿ ಮಿತ್ರಪಕ್ಷದವರು. ಸಂನ್ಯಾಸಿಗಳಲ್ಲಿ ಬಹು ಮಂದಿ ಆಗಲೇ ರೋಮಿಗೆ ಹೋಗಿದ್ದರು. ಎಂಭತ್ತರ ಸಮೀಪಕ್ಕೆ ಬಂದಿದ್ದ ಮಠಾಧ್ಯಕ್ಷ ಗ್ರೆಗೊರಿಯೊ ದಿಯಮಾರೆಯು ಕೆಲವರೊಂದಿಗೆ ಅಲ್ಲಿಯೇ ಉಳಿದನು. ಗುಂಡಿನ ಮಳೆ ಹೆಚ್ಚಿದ ಹಾಗೆ ಹಳ್ಳಿಗಳ ಜನರು ನೂರಾರಾಗಿ ಬಂದು ಮಠದೊಳಗೆ ಸೇರಿಕೊಂಡರು. ಆ ಗೋಡೆಗಳಿಗೆ ಯಾರೂ ಕೈಹಚ್ಚಲಾರರೆಂದು ಅವರು ನಂಬಿದ್ದರು.

ಬೆಟ್ಟವನ್ನು ಹತ್ತಬೇಕಾದವರು ಇಂಡಿಯಾದ 4ನೆಯ ಸೈನ್ಯವಿಭಾಗದ ಸಿಪಾಯಿಗಳು. ಅವರ ಸೇನಾಪತಿ ಟಕರನು, ಮಠದೊಳಗೆ ಈಗ ಶತ್ರುವಿಲ್ಲದಿದ್ದರೂ ನಾಳೆ ಹೊಕ್ಕಾನು, ಆದಕಾರಣ ಮೊದಲು ಅದನ್ನು ಕೆಡವಬೇಕೆಂದು ಕೇಳಿಕೊಂಡನು. ತನ್ನ ಕೈಕೆಳಗಿನವರ ಪ್ರಾಣಕ್ಕಾಗಿ ಚಿಂತಿಸಿದವನನ್ನು ನಾವು ಹಗುರಾಗಿ ದೂರಲಾರೆವು; ಆ ಸಿಪಾಯಿಗಳು ನಮ್ಮ ದೇಶದ ತಾಯಂದಿರ ಮಕ್ಕಳು. ಫೆಬ್ರುವರಿ 14ರಂದು ಎಚ್ಚರಿಕೆಯ ಕಾಗದಗಳನ್ನು ಮೇಲಿನಿಂದ ಚೆಲ್ಲಿದರು. ಆದರೆ ಎರಡು ಸೈನ್ಯಗಳ ನಡುವೆ ಮುದುಕರೂ ಮಕ್ಕಳೂ ಯಾವ ದಾರಿಯಿಂದ ಇಳಿಯಬೇಕು? ಮರುದಿನ ಬೆಳಿಗ್ಗೆ ವಿಮಾನಗಳು ಬಂದವು. ಮರೆಹೊಕ್ಕವರಲ್ಲಿ ಸತ್ತವರು ಸುಮಾರು 230 ಮಂದಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಒಳಗೆ ಜರ್ಮನ್ ಸಿಪಾಯಿಗಳು ಇರಲಿಲ್ಲ. ಹಾಳಾದ ಮೇಲೆಯೇ ಅವರು ಆ ಕಲ್ಲುಗಳಲ್ಲಿ ನೆಲೆಗೊಂಡರು. ಅನಂತರದ ರಾತ್ರಿಗಳಲ್ಲಿ ಬೆಟ್ಟವೇರಹೋದ ರಾಜಪುತಾನಾ ರೈಫಲ್ಸಿನವರೂ ಗೂರ್ಖರೂ ಬಹಳ ಮಂದಿ ಬಿದ್ದರು. ಹೀಗೆ ಹಳ್ಳಿಯವರ ಸಾವಿನಿಂದ ಸಿಪಾಯಿಗಳಿಗೂ ರಕ್ಷಣೆಯಾಗಲಿಲ್ಲ.

ನೆಲಮಾಳಿಗೆಯಲ್ಲಿ ಬದುಕಿ ಉಳಿದ ದಿಯಮಾರೆಯು 17ನೆಯ ತಾರೀಖಿನಂದು, ಮರದ ದೊಡ್ಡ ಶಿಲುಬೆಯನ್ನು ಮುಂದಿಟ್ಟುಕೊಂಡು, ಪ್ರಾರ್ಥನೆ ಹೇಳುತ್ತಾ, ನಡೆಯಬಲ್ಲವರನ್ನು ಕರಕೊಂಡು ಇಳಿದನು. ಕಾರ್ಲೊಮಾನ್ನೊ ಎಂಬ ಮುದಿ ಸಹೋದರನು ದಾರಿಯಿಂದ ಹಿಂದಿರುಗಿ ಆ ಹಾಳಿನಲ್ಲಿಯೇ ಇದ್ದು ಏಪ್ರಿಲಿನಲ್ಲಿ ತೀರಿಹೋದನು. ಮೇ 18ರಂದು ಪೋಲೆಂಡಿನ ಸೈನ್ಯವು ಬೆಟ್ಟವನ್ನು ಹಿಡಿಯಿತು. ತಿರಿಗಿ ಕಟ್ಟಿದ ಮಠದ ಪ್ರತಿಷ್ಠೆಯು 1964ರ ಅಕ್ಟೋಬರ 24ರಂದು ಆಯಿತು. ಕೆಳಗಿನ ಯುದ್ಧಸ್ಮಶಾನದಲ್ಲಿ ಇಂಡಿಯಾದವರ ಸಮಾಧಿಗಳೂ ಇವೆ.

ಈಗ ಯೆಹೋಶುವನ ಗ್ರಂಥಕ್ಕೆ ಬರೋಣ. ಆಶ್ರಯನಗರದ ಗೋಡೆಯ ಎತ್ತರವನ್ನು ದೇವರು ಅಲ್ಲಿ ಹೇಳಲಿಲ್ಲ. ಓಡಿಬಂದವನು ಊರಬಾಗಿಲಲ್ಲಿ ನಿಲ್ಲಬೇಕು, ಹಿರಿಯರು ಅವನ ಮಾತನ್ನು ಕೇಳಬೇಕು, ಅವನನ್ನು ಒಳಗೆ ಕರಕೊಂಡು ತಮ್ಮೊಳಗೆ ಇರಲಿಕ್ಕೆ ಸ್ಥಳ ಕೊಡಬೇಕು. ದಿಯಮಾರೆಯು ತನ್ನ ಜನರಿಗೆ ಉಳಿಸಿಕೊಡಲಾರದೆ ಹೋದದ್ದು ಗೋಡೆಯನ್ನು. ಕೊಟ್ಟದ್ದು ಈ ಸ್ಥಳವನ್ನು.

ಮುಂದಿನ ಆದಿತ್ಯವಾರದ ಕೂಟದಲ್ಲಿ ಉಪದೇಶಿಯವರು ಇಪ್ಪತ್ತನೆಯ ಅಧ್ಯಾಯದ ನಾಲ್ಕನೆಯ ವಚನವನ್ನು ಎರಡು ಸಾರಿ ಓದಿಸಲಿ. ರಾತ್ರಿ ನಮ್ಮ ಪ್ರಾರ್ಥನಾಲಯದ ಬಾಗಿಲು ತಟ್ಟಿದವನಿಗೆ ಯಾರು ಎದ್ದು ಬರುವರು, ಬೀಗದ ಕೈ ಯಾರ ಮನೆಯಲ್ಲಿದೆ ಎಂಬದನ್ನು ಸಭೆಯ ಹಿರಿಯರು ಅಂದೇ ಗೊತ್ತುಮಾಡಿಕೊಳ್ಳಲಿ.