ಒಂದರಿಂದ ನೂರರವರೆಗೆ: ಪುಟ್ಟ ಲೂಪಿಗೂ ಇರಲಿ ಪರೀಕ್ಷೆ

ಡೆಟ್ರಾಯಿಟ್ ಸೀಮೆಗೂ ಯೂನಿಟ್ ಟೆಸ್ಟಿಗೂ, ಅಂದರೆ ಕೋಡಿನ ಒಂದೊಂದು ತುಣುಕನ್ನೂ ಬಿಡಿಯಾಗಿ ಪರೀಕ್ಷಿಸುವ ಕ್ರಮಕ್ಕೂ, ಹಳೆಯ ನಂಟು. ಕ್ರೈಸ್ಲರ್ ಕಂಪನಿಯ ಸಂಬಳ ಲೆಕ್ಕದ ತಂತ್ರಾಂಶ ದಡ ಸೇರದೆ ಒದ್ದಾಡುತ್ತಿದ್ದಾಗ, 1996ರಲ್ಲಿ ತಂತ್ರಾಂಶ ತಜ್ಞ ಕೆಂಟ್ ಬೆಕ್ ಅವರನ್ನು ಕರೆಸಿದರು. ಕೋಡಿನ ಜೊತೆಜೊತೆಗೇ ಪರೀಕ್ಷೆ ಬರೆಯುವ ರೂಢಿ ಆ ತಂಡದಲ್ಲಿ ಗಟ್ಟಿಯಾಯಿತು. ಮರುವರ್ಷ ಬೆಕ್ ಮತ್ತು ಎರಿಕ್ ಗಾಮಾ ಸೇರಿ ಜಾವಾಕ್ಕೆ ಜೆಯೂನಿಟ್ ಎಂಬ ಪರೀಕ್ಷಾ ಸಾಧನ ಬರೆದರು. ಪೈಥಾನ್ ಜೊತೆಗೇ ಬರುವ ಯೂನಿಟ್‌ಟೆಸ್ಟ್ ಅದೇ ಅಚ್ಚಿನದು. ಇದೇ ಸೀಮೆಯ ಪ್ಲಿಮತ್‌ನ ಕನ್ನಡ ಮನೆಗಳಲ್ಲಿ ಕೋಡಿಂಗ್ ಕಲಿಯುತ್ತಿರುವ ಮಕ್ಕಳು ಪರೀಕ್ಷೆ ಬರೆಯುವುದನ್ನು ಮೊದಲ ತಿಂಗಳಲ್ಲೇ ರೂಢಿಸಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಭ್ಯಾಸಕ್ಕೆ ಫಿಜ್‌ಬಜ್ ಸಾಕು. 1ರಿಂದ 100ರವರೆಗೆ ಲೂಪಿನಲ್ಲಿ ಎಣಿಸಿ, 3ರಿಂದ ಭಾಗವಾದರೆ ‘ಫಿಜ್’, 5ರಿಂದ ಆದರೆ ‘ಬಜ್’, ಎರಡರಿಂದಲೂ ಆದರೆ ‘ಫಿಜ್‌ಬಜ್’ ಎನ್ನಬೇಕು. ಉಳಿದಂತೆ ಸಂಖ್ಯೆಯನ್ನೇ ಹೇಳಬೇಕು.

ಮೊದಲು ಲೂಪಿನೊಳಗಿನ ನಿರ್ಧಾರವನ್ನು ಹೊರಗೆ ತೆಗೆಯಿರಿ. ಒಂದು ಸಂಖ್ಯೆ ತೆಗೆದುಕೊಂಡು ಒಂದು ಪದ ಹಿಂತಿರುಗಿಸುವ ಫಂಕ್ಷನ್ ಬೇಕು. ಅದರೊಳಗೆ ಪ್ರಿಂಟ್ ಬೇಡ. ತೆರೆಯ ಮೇಲೆ ಅಚ್ಚಾಗಿಹೋದದ್ದನ್ನು ಪರೀಕ್ಷೆಗೆ ಹಿಡಿಯುವುದು ಕಷ್ಟ, ಹಿಂತಿರುಗಿ ಬಂದದ್ದನ್ನು ಹೋಲಿಸುವುದು ಸಲೀಸು. ಪೈಥಾನ್ 3ರಲ್ಲಿ ಫಂಕ್ಷನ್ನಿಗೆ ಕನ್ನಡದಲ್ಲೇ ಹೆಸರಿಡಬಹುದು. ಪರೀಕ್ಷೆಗಳ ಹೆಸರು ಮಾತ್ರ ‘ಟೆಸ್ಟ್’ ಎಂಬ ಇಂಗ್ಲಿಷ್ ಅಕ್ಷರಗಳಿಂದಲೇ ಶುರುವಾಗಬೇಕು, ಇಲ್ಲವಾದರೆ ಯೂನಿಟ್‌ಟೆಸ್ಟಿನ ಕಣ್ಣಿಗೆ ಬೀಳುವುದಿಲ್ಲ.

ಆಮೇಲೆ ಸಂಖ್ಯೆಗಳ ಆಯ್ಕೆ. ನಿಜವಾದ ಕೆಲಸ ಇರುವುದು ಇಲ್ಲೇ. 3, 5, 15 ಎಲ್ಲರಿಗೂ ಹೊಳೆಯುತ್ತವೆ. 6 ಮತ್ತು 10 ಸೇರಿಸಿ, ಆಗ 3ಕ್ಕೂ 5ಕ್ಕೂ ಮಾತ್ರ ಸರಿಹೋಗುವ ಕೋಡ್ ಸಿಕ್ಕಿಬೀಳುತ್ತದೆ. 13 ಇರಲೇಬೇಕು: ಅದರಲ್ಲಿ 3 ಅಂಕಿ ಇದೆ, ಆದರೆ ಅದು 3ರಿಂದ ಭಾಗವಾಗುವುದಿಲ್ಲ. 1 ಕೊಟ್ಟಾಗ ಬರಬೇಕಾದದ್ದು ಅಕ್ಷರರೂಪದ ‘1’. ಸಂಖ್ಯೆಯಾಗಿಯೇ ಬಂದರೆ ಹೋಲಿಕೆ ತಪ್ಪುತ್ತದೆ, ತಪ್ಪಲೇಬೇಕು.

ಉತ್ತರಗಳನ್ನು ಕೈಯಾರೆ ಬರೆಯಿರಿ. ಭಾಗಾಕಾರದ ಅದೇ ಷರತ್ತನ್ನು ಪರೀಕ್ಷೆಯೊಳಗೂ ನಕಲು ಮಾಡಿದರೆ ಕೋಡಿನ ತಪ್ಪು ಅಲ್ಲಿಗೂ ನಕಲಾಗುತ್ತದೆ. ಆಗ ಎರಡೂ ಒಂದಕ್ಕೊಂದು ಹೂಂಗುಟ್ಟುತ್ತವೆ ಅಷ್ಟೆ.

ಈಗ ಓಡಿಸಿ. ಪಾಸಾದ ಪ್ರತಿ ಪರೀಕ್ಷೆಗೆ ಒಂದು ಚುಕ್ಕಿ, ಫೇಲಾದದ್ದಕ್ಕೆ ‘ಎಫ್’ ಅಕ್ಷರ ಬೀಳುತ್ತದೆ. ಎಲ್ಲ ಚುಕ್ಕಿಯೇ ಬಂದರೆ ಅಲ್ಲಿಗೇ ಬಿಡಬೇಡಿ. 3ರ ಷರತ್ತನ್ನು ಬೇಕೆಂದೇ 15ರ ಷರತ್ತಿಗಿಂತ ಮೇಲೆ ಹಾಕಿ ನೋಡಿ. 15 ಕೊಟ್ಟರೆ ‘ಫಿಜ್’ ಎಂದಷ್ಟೇ ಬಂದು ‘ಎಫ್’ ಕಾಣಿಸಬೇಕು. ಕಾಣಿಸದಿದ್ದರೆ ನಿಮ್ಮ ಪರೀಕ್ಷೆಯೇ ನಿದ್ದೆ ಮಾಡುತ್ತಿದೆ ಎಂದರ್ಥ.

ಕೊನೆಗೆ ಲೂಪಿನ ಸರದಿ. ಪೈಥಾನಿನ ರೇಂಜ್ ಕೊನೆಯ ಸಂಖ್ಯೆಯನ್ನು ಸೇರಿಸಿಕೊಳ್ಳುವುದಿಲ್ಲ, ಹಾಗಾಗಿ 1 ಮತ್ತು 100 ಎಂದು ಕೊಟ್ಟರೆ ಎಣಿಕೆ 99ಕ್ಕೇ ನಿಲ್ಲುತ್ತದೆ. 101 ಎಂದು ಕೊಡಿ. ಬಂದ ಪದಗಳನ್ನು ಒಂದು ಪಟ್ಟಿಗೆ ಸೇರಿಸಿ, ಅದರಲ್ಲಿ 100 ಪದಗಳಿವೆಯೇ, ಕೊನೆಯದು ‘ಬಜ್’ ತಾನೇ ಎಂದು ಪರೀಕ್ಷಿಸಿ. ಇನ್ನೂ ಬಿಗಿ ಬೇಕೆಂದರೆ ಎಣಿಸಿ: ‘ಫಿಜ್’ 27, ‘ಬಜ್’ 14, ‘ಫಿಜ್‌ಬಜ್’ 6, ಬರೀ ಸಂಖ್ಯೆಗಳು 53.