ಬಿರುಬಿಸಿಲು ಮತ್ತು ಕಾಂಕ್ರೀಟು

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಬೇಸಗೆಯೆಂದರೆ ಮನೆ ಕಟ್ಟಲು ಅನುಕೂಲವಾದ ಕಾಲ. ಹೊಲದ ಕೆಲಸಕ್ಕೆ ಬಿಡುವಿರುತ್ತದೆ, ಮಳೆಯ ಅಡ್ಡಿಯಿರುವುದಿಲ್ಲ. ಆದರೆ ಇದೇ ಕಾಲದಲ್ಲಿ ನೆರಳಿನ ಉಷ್ಣತೆಯೂ 40 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಈ ಮಿತಿ ದಾಟಿದ ಹವೆಯಲ್ಲಿ ಹಾಕುವ ಕಾಂಕ್ರೀಟಿಗೆ ವಿಶೇಷ ಎಚ್ಚರಿಕೆ ಅವಶ್ಯವೆಂದು ಭಾರತೀಯ ಮಾನಕ ಸಂಸ್ಥೆಯ 1975ರ ಸಂಹಿತೆಯು ವಿಧಿಸಿತು. ಇದರ ಕಾರಣವನ್ನು ವಿಚಾರಿಸೋಣ.

ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆಂಬ ನಂಬಿಕೆ ಸಾಮಾನ್ಯವಾದುದು. ವಾಸ್ತವದಲ್ಲಿ ಅದು ಗಟ್ಟಿಯಾಗುವುದು ಸಿಮೆಂಟೂ ನೀರೂ ರಾಸಾಯನಿಕವಾಗಿ ಕೂಡುವುದರಿಂದ. ಉಷ್ಣತೆ ಏರಿದಂತೆ ಈ ಕ್ರಿಯೆಯ ವೇಗವೂ ಏರುತ್ತದೆ. ಆದುದರಿಂದ ಬೇಸಗೆಯ ಕಾಂಕ್ರೀಟು ಬೇಗನೆ ಬಿಗಿಯುತ್ತದೆ. ಮೊದಲ ಒಂದೆರಡು ದಿನ ಹೆಚ್ಚು ಬಲವನ್ನೂ ತೋರಬಹುದು. ಆದರೆ 28 ದಿನಗಳ ತರುವಾಯ ಪರೀಕ್ಷಿಸಿದರೆ, ತಂಪಿನಲ್ಲಿ ನಿಧಾನವಾಗಿ ಬಲಿತ ಕಾಂಕ್ರೀಟಿಗಿಂತ ಅದು ದುರ್ಬಲವಾಗಿರುತ್ತದೆ. ಅವಸರದಲ್ಲಿ ಹುಟ್ಟಿದ ಸಂಯುಕ್ತಗಳು ಸಿಮೆಂಟಿನ ಕಣಗಳ ಸುತ್ತ ದಟ್ಟವಾಗಿ ಕಟ್ಟಿಕೊಂಡು, ಒಳಭಾಗಕ್ಕೆ ನೀರು ಸೇರದಂತೆ ತಡೆಯುತ್ತವೆ.

ಬಿಗಿಯುತ್ತಿರುವ ಮಿಶ್ರಣವನ್ನು ಹರಡುವುದು ಕಷ್ಟ. ಆಗ ಗೌಂಡಿಗಳು ಮತ್ತೊಂದು ಕೊಡ ನೀರು ಸುರಿಯುವುದನ್ನು ನಾವು ಅನೇಕ ಕಡೆ ಕಾಣುತ್ತೇವೆ. ಇದು ದೊಡ್ಡ ಅಪಾಯ. ಸಿಮೆಂಟಿನೊಡನೆ ಕೂಡದೆ ಉಳಿದ ನೀರು ಮುಂದೆ ಆವಿಯಾಗಿ ಹೋಗುತ್ತದೆ. ಅದು ಇದ್ದೆಡೆಯಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ರಂಧ್ರಗಳು ಹೆಚ್ಚಿದಷ್ಟೂ ಛತ್ತಿನ ಬಲ ಕುಂದುತ್ತದೆ. ಆ ಛತ್ತಿನ ಕೆಳಗೆ ಒಂದು ಸಂಸಾರ ಮಲಗಬೇಕೆಂಬುದನ್ನು ಮರೆಯಲಾಗದು.

ಬಿಸಿಗಾಳಿಯ ಉಪದ್ರವ ಬೇರೆ. ಒಳಗಿನಿಂದ ಮೇಲಕ್ಕೆ ಒಸರುವ ನೀರಿಗಿಂತ ಆವಿಯಾಗುವ ನೀರು ಹೆಚ್ಚಾದರೆ, ಇನ್ನೂ ಮೆತ್ತಗಿರುವ ಮೇಲ್ಮೈ ಕುಗ್ಗಿ ಬಿರಿಯುತ್ತದೆ.

ಗಟ್ಟಿಯಾದ ಮೇಲೂ ಉಷ್ಣತೆಯ ಪ್ರಭಾವ ನಿಲ್ಲದು. 10 ಮೀಟರ್ ಉದ್ದದ ಕಾಂಕ್ರೀಟಿನ ಉಷ್ಣತೆ 30 ಡಿಗ್ರಿ ಏರಿದರೆ ಅದು ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ತಣಿದಾಗ ಅಷ್ಟೇ ಕುಗ್ಗುತ್ತದೆ. ಸುರಪುರ, ಶಹಾಪುರಗಳ ಹೊಲಗಳಿಗೆ ಕೃಷ್ಣೆಯ ನೀರನ್ನು ತರುವ ನಾರಾಯಣಪುರ ಎಡದಂಡೆ ಕಾಲುವೆಯಂಥ ಕಡೆ ಕಾಂಕ್ರೀಟು ಹೊದಿಸುವಾಗ ನಡುನಡುವೆ ಸಂದು ಬಿಡಬೇಕಾದುದು ಇದರಿಂದಲೇ. ಸಂದಿಲ್ಲದಿದ್ದರೆ ಬಿರುಕು ತನಗೆ ಬೇಕಾದೆಡೆ ದಾರಿ ಮಾಡಿಕೊಳ್ಳುತ್ತದೆ. ನೀರು ಸೋರಿ ಕೆಳಗಿನ ಮಣ್ಣನ್ನು ಸಡಿಲಿಸುತ್ತದೆ.

ಪರಿಹಾರವೇನು? ಮಿಶ್ರಣದ ತೂಕದಲ್ಲಿ ಬಹುಭಾಗ ಖಡಿ ಮತ್ತು ಉಸುಕು. ಸಾಮಾನ್ಯ ಮಿಶ್ರಣವೊಂದರಲ್ಲಿ ಇವೆರಡನ್ನು 10 ಡಿಗ್ರಿ ತಂಪಾಗಿಸಿದರೆ ಒಟ್ಟು ಮಿಶ್ರಣವು ಸುಮಾರು 6 ಡಿಗ್ರಿ ತಣಿಯುತ್ತದೆ. ನೀರನ್ನು ಮಾತ್ರ ಅಷ್ಟೇ ತಂಪಾಗಿಸಿದರೆ 3 ಡಿಗ್ರಿಗಿಂತ ಕಡಿಮೆ. ಆದುದರಿಂದ ಖಡಿಯ ರಾಶಿಗೆ ನೆರಳು ಮಾಡುವುದೂ ಅದರ ಮೇಲೆ ನೀರು ಚಿಮುಕಿಸುವುದೂ ಅಗ್ಗವಾದ, ಉತ್ತಮ ಉಪಾಯಗಳು. ಖಡಿಗೆ ಅಂಟಿದ ನೀರನ್ನು ಮಾತ್ರ ಲೆಕ್ಕ ಹಿಡಿದು, ಬೆರೆಸುವ ನೀರಿನಲ್ಲಿ ಅಷ್ಟು ಕಡಿಮೆ ಮಾಡಬೇಕು. ಕೆಲಸವನ್ನು ಸಂಜೆ ಹಿಡಿಯುವುದು ಮೇಲು. ಛತ್ತು ಹಾಕಿದ ಮೇಲೆ ಗೋಣಿತಾಟು ಹೊದಿಸಿ, ಕನಿಷ್ಠ 10 ದಿನ ಅದು ಆರದಂತೆ ನೋಡಿಕೊಳ್ಳಬೇಕು.

ನೀರು ಒಂದೇ, ಮಿಶ್ರಣದೊಳಗೆ ಹೆಚ್ಚಾದರೆ ಹಾನಿ, ಬಿಗಿದ ಛತ್ತಿನ ಮೇಲೆ ನಿಂತರೆ ಬಲ. ಈ ಭೇದವನ್ನು ವಿದ್ಯಾರ್ಥಿಗಳು ತಮ್ಮ ಮನೆಯವರಿಗೆ ತಿಳಿಸಿದರೆ ಓದಿದ ವಿಜ್ಞಾನ ಸಾರ್ಥಕವಾದಂತೆ.