ಕೈತೋಟಕ್ಕೆ ಬ್ಯಾಟರಿ ಯಂತ್ರ: ಬಿಸಿಲಿನಿಂದ ಕಾಪಾಡಿ

ಹೈದರಾಬಾದಿನ ಸೈನಿಕಪುರಿಯಂಥ ಬಡಾವಣೆಗಳಲ್ಲಿ ಮಳೆಗಾಲ ಶುರುವಾಯಿತೆಂದರೆ ಹುಲ್ಲು, ಕಳೆ ಕತ್ತರಿಸುವ ಬ್ರಷ್‌ಕಟರ್‌ಗಳ ಗದ್ದಲವೂ ಶುರು. ಟೂ-ಸ್ಟ್ರೋಕ್ ಎಂಜಿನ್ ಸ್ವಲ್ಪ ಪೆಟ್ರೋಲನ್ನು ಸುಡದೆಯೇ ಹೊಗೆಯ ಜೊತೆ ಉಗುಳುತ್ತದೆ. ಆ ಹೊಗೆ ಕುಡಿಯುವವರು ಮಾಲಿ. ಬ್ಯಾಟರಿ ಯಂತ್ರಕ್ಕೆ ಬದಲಾಗಲು ಇದೊಂದೇ ಕಾರಣ ಸಾಕು.

ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಬೇಲಿ ಗಿಡ ಕತ್ತರಿಸುವ ಹೆಡ್ಜ್ ಟ್ರಿಮ್ಮರ್‌ನಿಂದ ಆರಂಭಿಸಿ. ಅದು ಹಗುರ, ಹೆಚ್ಚು ವಿದ್ಯುತ್ ಬೇಡುವುದಿಲ್ಲ. ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಯಂತ್ರಕ್ಕೆ ಸಾಮಾನ್ಯವಾಗಿ ಕೂರದು. ಆದ್ದರಿಂದ ಮುಂದೆ ಕೊಳ್ಳುವ ಯಂತ್ರಗಳಿಗೂ ಹೊಂದುವ ಒಂದೇ ಸರಣಿ ಆರಿಸಿ. ಸಿಕಂದರಾಬಾದಿನ ರಾಣಿಗಂಜ್ ಅಂಗಡಿಗಳಿಗೆ ಮಾಲಿಯನ್ನೂ ಕರೆದೊಯ್ಯಿರಿ. ಭಾರ ಹೊರುವವರು ಅವರೇ, ಎತ್ತಿ ನೋಡಲಿ.

ಡಬ್ಬದ ಮೇಲಿನ ‘20 ವೋಲ್ಟ್ ಮ್ಯಾಕ್ಸ್’ಗೆ ಮರುಳಾಗಬೇಡಿ, ಅದೂ 18 ವೋಲ್ಟಿನದೇ. ಬ್ಯಾಟರಿಯ ನಿಜವಾದ ಸಾಮರ್ಥ್ಯ ತಿಳಿಯಲು ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ. 18 ವೋಲ್ಟ್, 4 ಆಂಪಿಯರ್-ಅವರ್ ಎಂದರೆ 72 ವ್ಯಾಟ್-ಅವರ್. 300 ವ್ಯಾಟ್ ಎಳೆಯುವ ಯಂತ್ರಕ್ಕೆ ಅದು ಕಾಲು ಗಂಟೆಯೂ ಬಾರದು. ಮನೆ ಮುಂದಿನ ಹುಲ್ಲುಹಾಸಿಗೆ ಸಾಕು, ಆಳೆತ್ತರ ಕಳೆ ಬೆಳೆದ ಖಾಲಿ ಸೈಟಿಗೆ ಸಾಲದು. ಅಂಥ ಜಾಗವಿದ್ದರೆ ಪೆಟ್ರೋಲ್ ಯಂತ್ರವನ್ನು ಸದ್ಯಕ್ಕೆ ಮಾರಬೇಡಿ. ಎತ್ತಿಡುವ ಮುನ್ನ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಎಥೆನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ಹಾಗೇ ಬಿಟ್ಟರೆ ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ.

ಲಿಥಿಯಂ-ಅಯಾನ್ ಬ್ಯಾಟರಿಗೆ ಶಾಖ ಆಗಿಬರುವುದಿಲ್ಲ. ಮೇ ತಿಂಗಳಲ್ಲಿ ಹೈದರಾಬಾದಿನ ತಾಪಮಾನ 40 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ಡು, ಬಿಸಿಲಿಗೆ ನಿಲ್ಲಿಸಿದ ಕಾರು ಇನ್ನೂ ಕಾಯುತ್ತವೆ. ಕಲಬುರಗಿ, ರಾಯಚೂರಿನವರಿಗೂ ಈ ಮಾತು ಅನ್ವಯ. ಯಂತ್ರ ಶೆಡ್ಡಿನಲ್ಲಿರಲಿ, ಬ್ಯಾಟರಿ ಮತ್ತು ಚಾರ್ಜರ್ ಮನೆಯೊಳಗಿರಲಿ. ಕೆಲಸ ಮುಗಿದ ಕೂಡಲೇ ಚಾರ್ಜಿಗೆ ಹಾಕಬೇಡಿ, ಮುಟ್ಟಿದರೆ ಬಿಸಿ ಎನಿಸದಷ್ಟು ತಣಿಯಲಿ. ತಿಂಗಳುಗಟ್ಟಲೆ ಬಳಸುವುದಿಲ್ಲವೆಂದರೆ ಅರ್ಧದಷ್ಟು ಚಾರ್ಜ್ ಉಳಿಸಿ ಎತ್ತಿಡಿ, ಆಗಾಗ ನೋಡುತ್ತಿರಿ. ಪೂರ್ತಿ ತುಂಬಿಸಿಯೋ ಬರಿದು ಮಾಡಿಯೋ ಇಟ್ಟರೆ ಆಯುಷ್ಯ ಕುಗ್ಗುತ್ತದೆ.

ಶುಚಿ ಮಾಡುವ ಮುನ್ನ ಬ್ಯಾಟರಿಯನ್ನು ಕಳಚಲೇಬೇಕು. ಸ್ವಿಚ್ಚಿಗೆ ಬೆರಳು ತಾಗಿದರೆ ಬ್ಲೇಡು ತಿರುಗೀತು. ಪೈಪಿನಿಂದ ನೀರು ಬಿಡಬೇಡಿ. ಮೋಟಾರಿನ ಗಾಳಿಕಿಂಡಿಗೆ ಒದ್ದೆ ಹುಲ್ಲಿನ ಪುಡಿ ಅಂಟಿ ಒಣಗಿರುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಬ್ಯಾಟರಿ ಕೂರುವ ಜಾಗದ ಲೋಹದ ಪಟ್ಟಿಗಳನ್ನು ಒಣ ಬಟ್ಟೆಯಲ್ಲಿ ಒರೆಸಿ. ಟ್ರಿಮ್ಮರಿನ ಹಲ್ಲುಗಳಿಗೆ ನಾಲ್ಕು ಹನಿ ಎಣ್ಣೆ ಬಿಡಿ. ಮೊಂಡು ಬ್ಲೇಡು ಚಾರ್ಜನ್ನು ಬೇಗ ತಿಂದುಹಾಕುತ್ತದೆ, ಸಾಣೆ ಹಿಡಿಸಿ.

ಉಬ್ಬಿದ, ಬಿರುಕು ಬಿಟ್ಟ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಬೇಡಿ. ಕಸದ ಗಾಡಿಗೂ ಹಾಕಬೇಡಿ, ಜಜ್ಜಿದರೆ ಬೆಂಕಿ ಹತ್ತಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹ, ಮರುಬಳಕೆಯ ಹೊಣೆ ತಯಾರಕರದು. ಎಲ್ಲಿ ವಾಪಸ್ ಕೊಡಬೇಕೆಂದು ಕೊಳ್ಳುವ ದಿನವೇ ಅಂಗಡಿಯವರನ್ನು ಕೇಳಿ, ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.